ಇದ್ದೀವಿ

ಕಾದ ಕಿಟ್ಟದ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಕೊಳೆತ ಮೊಟ್ಟೆ, ಆಗತಾನೆ ಗೀರಿದ ಬೆಂಕಿಕಡ್ಡಿ, ಒದ್ದೆ ಬೂದಿ, ಎಲ್ಲವನ್ನೂ ಕಲಸಿ ಮೂಗಿಗೆ ಹಿಡಿದ ಹಾಗೆ. ಹೊಸಬರಿಗೆ ವಾಂತಿ ಬರುತ್ತಿತ್ತು. ಕಿಟ್ಟವ್ವನಿಗೆ ನಿದ್ದೆ ಬರುತ್ತಿತ್ತು. ಅದು ಅವಳ ಅವ್ವನ ವಾಸನೆ. ಅವ್ವ ಸಂಜೆ ಮನೆಗೆ ಬಂದು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಗೋಡೆಗೆ ಒರಗಿ ಕಾಲು ಚಾಚುತ್ತಿದ್ದಳು. ಮಗು ಆ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಪಕ್ಕದಲ್ಲೇ ಮಲಗಿಬಿಡುತ್ತಿತ್ತು. ಎಷ್ಟು ಒಗೆದರೂ ಬಿಡದ ವಾಸನೆ. ಕೇರಿಯ ಜನ ಮಗುವಿಗೆ ಹೆಸರನ್ನೂ ಅದರಿಂದಲೇ ಇಟ್ಟರು. ಕಿಟ್ಟವ್ವ.

ಉಕ್ಕು ಕುದಿಯುವಾಗ ಮೇಲೆ ಕಟ್ಟುವ ಕೊಳೆಯೇ ಕಿಟ್ಟ. ಉಕ್ಕು ರೈಲು ಹತ್ತಿ ದೇಶ ನೋಡಲು ಹೋಗುತ್ತಿತ್ತು. ಕಿಟ್ಟ ಕೆಳಗಿನ ಗುಂಡಿಗೆ ಬೀಳುತ್ತಿತ್ತು. ಕುಲುಮೆಯ ಹತ್ತಿರ ನಿಲ್ಲುವವರು ಕಾರ್ಖಾನೆಯ ಜನ. ಅವರಿಗೆ ಬೂಟು, ಟೋಪಿ, ಎದೆಯ ಮೇಲೆ ನಂಬರಿನ ಬಿಲ್ಲೆ. ಗುಂಡಿಯಲ್ಲಿ ಕಿಟ್ಟ ಒಡೆದು ಹೊರುವವರು ಮೇಸ್ತ್ರಿಯ ಜನ. ಅವರಿಗೆ ಹಾರೆ, ಬುಟ್ಟಿ, ತಲೆಬಟ್ಟೆ. ಎಲ್ಲರೂ ಹೆಂಗಸರು. ಎಲ್ಲರೂ ಹಿಂದಿನ ಗೇಟಿನಾಚೆಯ ಕೇರಿಯವರು. ಅವರು ಮುಂದಿನ ಗೇಟಿನಿಂದ ಬರುವಂತಿಲ್ಲ. ಕುಲುಮೆಯ ಪಕ್ಕದ ನಲ್ಲಿ ಮುಟ್ಟುವಂತಿಲ್ಲ. ಬಾಯಾರಿದರೆ ಗುಂಡಿಯಿಂದ ಹತ್ತಿ, ಕಲ್ಲಿದ್ದಲ ರಾಶಿಯನ್ನು ಬಳಸಿ, ಹಿಂದಿನ ಗೇಟಿನ ನಲ್ಲಿಗೆ ಹೋಗಬೇಕು. ಕ್ಯಾಂಟೀನಿನಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಸುರಿದು ಹಗ್ಗ ಕಟ್ಟಿ ಗುಂಡಿಗೆ ಇಳಿಬಿಡುತ್ತಿದ್ದರು. ಕೈಗೆ ಕೈ ತಾಗಬಾರದಲ್ಲ! ಬಕೆಟ್ಟು ಓಲಾಡುತ್ತ ಇಳಿಯುವಾಗ ಹೆಂಗಸರು ಕತ್ತೆತ್ತಿ ನಿಂತಿರುತ್ತಿದ್ದರು. ಹಾಗೆ ಕತ್ತೆತ್ತಿ ನಿಂತ ಅವ್ವನ ಮುಖ ಕಿಟ್ಟವ್ವನಿಗೆ ಇವತ್ತಿಗೂ ಕಣ್ಣಲ್ಲಿದೆ. ಹಸಿವಿನಿಂದ ಹೊಳೆಯುತ್ತಿದ್ದ ಮುಖ. ಅದನ್ನು ಮುಚ್ಚಿಟ್ಟುಕೊಳ್ಳಲು ನಗುತ್ತಿದ್ದ ಮುಖ.

ಕಾರ್ಖಾನೆಯ ಜನ ರಿಪೇರಿಗೆಂದು ಗುಂಡಿಗೆ ಇಳಿದರೆ ಗಂಟೆ ಹೊಡೆಯುತ್ತಿತ್ತು. ಅವರೆಲ್ಲ ಹತ್ತಿ ಬರುವ ತನಕ ಕುದಿಯುವ ಕಿಟ್ಟ ತುಂಬಿದ ಬಾನಿಯನ್ನು ಗುಂಡಿಗೆ ಬಗ್ಗಿಸುವಂತಿರಲಿಲ್ಲ. ಹೆಂಗಸರಿಗೆ ಗಂಟೆಯಿಲ್ಲ.

"ನಿಮಗೆಲ್ಲ ಗಂಟೆ ಹೊಡೀತಾ ಕೂತ್ರೆ ಕುಲುಮೆ ತಣ್ಣಗಾಗುತ್ತೆ. ಬಾಯಿಲ್ವಾ ನಿಮಗೆ? ಬೀದಿ ಜಗಳಕ್ಕೆ ಬರುತ್ತಲ್ಲ, ಅದೇ ಬಾಯಲ್ಲಿ ಕೂಗಿ," ಎಂದಿದ್ದ ಮೇಸ್ತ್ರಿ.

ಹಾಗಾಗಿ ಕೂಗು ಬಂತು. ಬಾನಿ ಬಗ್ಗಿಸುವ ಮೊದಲು ಮೇಲಿನವನು ಬಗ್ಗಿ "ಕೆಳಗೆ?" ಎನ್ನಬೇಕು. ಕೆಳಗಿನವರು "ಇದ್ದೀವಿ!" ಎನ್ನಬೇಕು. ಆಗ ಮೇಲಿನವನು ಕೈ ತಡೆಯುತ್ತಾನೆ, ಹೆಂಗಸರು ಓಡಿ ಏಣಿ ಹತ್ತುತ್ತಾರೆ. ದನಿ ಬರದಿದ್ದರೆ ಗುಂಡಿ ಖಾಲಿಯೆಂದು ಅರ್ಥ.

ಅವ್ವ ಆ ಗುಂಪಿಗೆಲ್ಲ ಅಕ್ಕ. ಹೊಸದಾಗಿ ಬಂದವರಿಗೆ ಹಾರೆ ಹಿಡಿಯುವುದನ್ನು ಕಲಿಸುವ ಮೊದಲು ಕೂಗು ಕಲಿಸುತ್ತಿದ್ದಳು. "ಒಬ್ಬಳೇ ಇದ್ರೂ ಇದ್ದೀವಿ ಅನ್ನು. ಇದ್ದೀನಿ ಅಂದ್ಯೋ, 'ಸರಿದು ನಿಂತ್ಕೋ' ಅಂತ ಸುರಿದುಬಿಡ್ತಾರೆ. ಒಬ್ಬಳಿಗೋಸ್ಕರ ಯಾರೂ ಕೈ ತಡೆಯಲ್ಲ ಮಗಾ. ತಿಳೀತಾ?"

ಆಗತಾನೆ ನೀರು ಹೊರಲು ಬರತೊಡಗಿದ್ದ ಕಿಟ್ಟವ್ವನಿಗೂ ಅವಳೇ ಕಲಿಸಿದಳು. ಹುಡುಗಿ ಮನೆಯಲ್ಲೂ ಹಾಗೇ ಕೂಗುತ್ತಿತ್ತು. "ಯಾರೇ ಒಳಗೆ?" ಎಂದು ಪಕ್ಕದ ಮನೆಯವರು ಕೇಳಿದರೆ ಒಂಟಿಯಾಗಿ ಕೂತಿದ್ದರೂ "ಇದ್ದೀವಿ" ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಅವ್ವನಿಗೆ ಜ್ವರ. ಮೈ ಕುಲುಮೆಗೆ ಸಾಟಿಯಾಗಿ ಸುಡುತ್ತಿತ್ತು. ರಜೆ ಹಾಕಿದರೆ ಮಾರನೆಯ ದಿನ ಮೇಸ್ತ್ರಿ ಒಳಗೆ ಬಿಡುವುದಿಲ್ಲ. ಬಂದಳು. ಬಾಯಾರಿಕೆ ತಡೆಯದೆ ಉಳಿದವರೆಲ್ಲ ಹಿಂದಿನ ನಲ್ಲಿಗೆ ಹೊರಟಾಗ ಅವಳು ಏಳಲಿಲ್ಲ. "ಏಣಿ ಹತ್ತೋಕಾಗಲ್ಲ ಕಣ್ರೇ. ನನಗೊಂದು ಡಬ್ಬಿ ತನ್ನಿ," ಎಂದಳು. ಕಿಟ್ಟವ್ವ ಡಬ್ಬಿ ಹಿಡಿದು ಓಡಿದಳು. ಕುಲುಮೆಯ ಪಕ್ಕದ ನಲ್ಲಿ ಅಲ್ಲೇ ಇತ್ತು. ತೊಟ್ಟಿಕ್ಕುತ್ತಿತ್ತು. ಅದನ್ನು ದಾಟಿ ಓಡಿದಳು. ವಾಪಸು ಬರುವಾಗ ಕಲ್ಲಿದ್ದಲ ರಾಶಿಯ ಮೇಲೆ ಹಾಡುಹಗಲೇ ಆಕಾಶ ಕೆಂಪಾಯಿತು, ಬಾನಿ ಬಗ್ಗಿಸಿದಾಗ ಆಗುವ ಕೆಂಪು.

ಡಬ್ಬಿಯ ನೀರು ದಾರಿಯಲ್ಲೇ ಚೆಲ್ಲಿತು.

"ಗುಂಡಿ ಖಾಲಿ ಇತ್ತು. ಯಾರೂ ಕೂಗಲಿಲ್ಲ," ಎಂದಿತು ಕಾರ್ಖಾನೆ. ಬಿಲ್ಲೆಯೇ ಇಲ್ಲದವಳು ಕೆಲಸಕ್ಕೆ ಬಂದದ್ದು ಯಾವಾಗ, ಬಾರದವಳು ಸತ್ತದ್ದು ಹೇಗೆ? ಅಲ್ಲಿಗೆ ಮುಗಿಯಿತು. ಅಂದು ಬಾನಿ ಬಗ್ಗಿಸಿದವನು ಕೆಲಸ ಬಿಟ್ಟುಹೋದ. ಹೋಗುವ ಮುನ್ನ ಹಿಂದಿನ ನಲ್ಲಿಯ ಹತ್ತಿರ ಬಂದು, ದೂರ ನಿಂತು, ಹೆಂಗಸರ ಮುಖ ನೋಡದೆ ಹೇಳಿದ: "ಒಂದು ದನಿ ಬಂತು. ಇದ್ದೀನಿ ಅಂತು. ಸರಿದು ನಿಂತ್ಕೋ ಅಂದೆ."

ಊರಿಗೆಲ್ಲ 'ಇದ್ದೀವಿ' ಕಲಿಸಿದವಳ ಬಾಯಲ್ಲಿ ಅಂದೇಕೆ 'ಇದ್ದೀನಿ' ಬಂತು? ಜ್ವರದ ಗುಂಗೋ? ಇಲ್ಲವೇ, ಹುಟ್ಟಿದಾಗಿನಿಂದ ಎಲ್ಲರ ಲೆಕ್ಕದಲ್ಲೇ ಬದುಕಿದವಳಿಗೆ ಒಂದು ಸಲ ತನ್ನೊಬ್ಬಳ ಮಾತು ಹೇಳಬೇಕೆನಿಸಿತೋ? ಕಿಟ್ಟವ್ವ ಆ ಒಂದು ಅಕ್ಷರವನ್ನು ಜನ್ಮವಿಡೀ ಬಾಯಲ್ಲಿಟ್ಟು ಹೊರಳಿಸಿದಳು. ಅದು ಕರಗಲಿಲ್ಲ.

ಕಿಟ್ಟ ಆರಿದ ಮೇಲೆ ಅದನ್ನು ಒಡೆಯಲು ಅದೇ ಹೆಂಗಸರನ್ನೇ ಇಳಿಸಿದರು. ಒಡೆಯುತ್ತ ಒಡೆಯುತ್ತ ಹಾರೆಯ ತುದಿಯೊಂದು ಸಿಕ್ಕಿತು. ಗೇಣುದ್ದ ಹೊರಗಿತ್ತು, ಉಳಿದದ್ದು ಕಲ್ಲಾಗಿ ಗಟ್ಟಿಯಾದ ಕಿಟ್ಟದ ಗುಂಡಿನೊಳಗೆ. ಎಲ್ಲರ ಕೈ ನಿಂತಿತು. ಯಾರೂ ಅಳಲಿಲ್ಲ, ಮೇಸ್ತ್ರಿ ಮೇಲೆಯೇ ನಿಂತಿದ್ದ. ಸುತ್ತ ಒಡೆದು ಆ ಗುಂಡನ್ನು ಮಾತ್ರ ಇಡಿಯಾಗಿ ಬಿಡಿಸಿ, ಹಾರೆ ಮೀಟಿ, ಎಲ್ಲರೂ ಭುಜ ಕೊಟ್ಟು ಗೋಡೆಯ ಮೂಲೆಗೆ ಉರುಳಿಸಿದರು. ಅದಕ್ಕೆ ಅಕ್ಕ ಎಂದೇ ಹೆಸರಾಯಿತು. ಅವತ್ತಿನಿಂದ ಗುಂಡಿಯಲ್ಲೊಂದು ರೂಢಿ ಬೆಳೆಯಿತು. ಕೆಲಸ ಮುಗಿಸಿ ಏಣಿ ಹತ್ತುವ ಮೊದಲು ಪ್ರತಿಯೊಬ್ಬಳೂ ತನ್ನ ಡಬ್ಬಿಯ ಕೊನೆಯ ಗುಟುಕನ್ನು ಕುಡಿಯದೆ ಅದರ ಮೇಲೆ ಸುರಿಯುತ್ತಿದ್ದಳು. ಗುಂಡು ತಣ್ಣಗಾಗಿ ವರ್ಷಗಳಾದರೂ ನೀರು ಬಿದ್ದಾಗ ಅದು ಸುಯ್ ಎನ್ನುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಎಲ್ಲರೂ ಸೇರಿ "ಇದ್ದೀವಿ" ಎಂದಾಗ ಗುಂಡಿಯಲ್ಲಿ ಒಂದು ದನಿ ಹೆಚ್ಚಿಗೆ ಕೇಳುತ್ತಿತ್ತು. ಎಲ್ಲರ ಕೂಗು ಮುಗಿದ ಮೇಲೆ, ಗೋಡೆಯ ಕಡೆಯಿಂದ, ಸಣ್ಣಗೆ. ಅದು 'ವಿ' ಎನ್ನುತ್ತಿರಲಿಲ್ಲ.

ಆಮೇಲೆ ಕಾರ್ಖಾನೆಯೂ ಸತ್ತಿತು. ಒಮ್ಮೆಲೇ ಅಲ್ಲ, ಕಾಲು ಕೊಳೆತವನ ಹಾಗೆ, ಬೆರಳಿನಿಂದ ಶುರುವಾಗಿ. ಒಂದು ಕುಲುಮೆ ಆರಿತು. ರೈಲು ಬರುವುದು ಕಡಿಮೆಯಾಯಿತು. ಸೈರನ್ನು ಕೆಟ್ಟಿತು, ಯಾರೂ ರಿಪೇರಿ ಮಾಡಲಿಲ್ಲ. ಬಿಲ್ಲೆಯವರಿಗೆ ಭಾಷಣ, ಕೈಕುಲುಕು, ಒಂದು ಗಡಿಯಾರ. ಗುಂಡಿಯವರಿಗೆ ಹಿಂದಿನ ಗೇಟಿನಲ್ಲಿ ಮೇಸ್ತ್ರಿಯ ಒಂದು ಮಾತು: "ನಾಳೆಯಿಂದ ಬರಬೇಡಿ." ಕೇರಿಯವರು ಕಂಡವರ ಮನೆಯ ಪಾತ್ರೆಗೆ, ಚರಂಡಿಗೆ, ಗಾರೆ ಕೆಲಸಕ್ಕೆ ಚೆದುರಿದರು. ಕಾರ್ಖಾನೆಯ ಮಾಡಿನ ಮೇಲೆ ಗಿಡ ಹುಟ್ಟಿತು. ಪಾರಿವಾಳ ಬಂತು. ಕಿಟ್ಟವ್ವನಿಗೆ ಕೂದಲು ನೆರೆಯಿತು.

ಒಂದು ದಿನ ಕಾರ್ಖಾನೆಯ ಸುತ್ತ ಬೇಲಿ ಎದ್ದಿತು. ಕ್ರೇನು, ಗಾಜು, ಬಣ್ಣ. ಕುಲುಮೆಯಿದ್ದಲ್ಲಿ ಅಂಗಡಿಗಳು ಬರುತ್ತವಂತೆ, ಚಿಮಣಿಗೆ ದೀಪ ಸುತ್ತುತ್ತಾರಂತೆ, ಕಲ್ಲಿದ್ದಲ ರಾಶಿಯಿದ್ದಲ್ಲಿ ಎತ್ತರದ ಮನೆಗಳಂತೆ. ಕಸ ಗುಡಿಸಲು ಜನ ಬೇಕಿತ್ತು. ಮೇಸ್ತ್ರಿ ಸತ್ತಿದ್ದ. ಅವನ ಮಗ ಚಿಕ್ಕಮೇಸ್ತ್ರಿ ಕೇರಿಗೆ ಬಂದು, ಕಾರಿನಿಂದ ಇಳಿಯದೆ, ಹಳಬರನ್ನೇ ಕರೆದ.

"ಹಳೇ ಗಂಡನ ಪಾದವೇ ಗತಿ ಅಂತ ಇಲ್ಲಿಗೇ ಬಂದ್ವಲ್ಲೇ," ಎಂದಳು ಗೂರಲಜ್ಜಿ ಮೊದಲ ದಿನ. ಕಿಟ್ಟದ ಧೂಳು ಕುಡಿದು ಎದೆಯಲ್ಲಿ ಸದಾ ಕೊಳಲು ನುಡಿಯುವ ಮುದುಕಿ. ತುಕ್ಕು ಹಿಡಿದ ಕಂಬಗಳಿಗೆ ತುಕ್ಕು ಹಾಗೇ ಕಾಣುವಂತೆ ಮೇಲೊಂದು ಹೊಳಪಿನ ಕೋಟು ಬಳಿಯುತ್ತಿದ್ದರು. ಅವಳು ಬಣ್ಣದವನ ಮುಂದೆ ಕೆನ್ನೆ ಒಡ್ಡಿದಳು. "ನಮಗೂ ಒಂದು ಕೈ ಎಳೆಯಪ್ಪ. ನಾವೂ ಹಳೇ ಮಾಲೇ."

ಅವನು ನಕ್ಕು, ತನ್ನ ಸೀಸೆಯ ನೀರು ಕೊಟ್ಟ. ಅಜ್ಜಿ ಬಾಯಿಗಿಟ್ಟೇ ಕುಡಿದಳು. ಅವನು ಸೀಸೆಯನ್ನು ಒರೆಸದೆ ತಾನೂ ಕುಡಿದ. ಕಿಟ್ಟವ್ವ ಅದನ್ನು ನೋಡಿದಳು, ಮರೆಯಲಿಲ್ಲ. ಆದರೆ ಗುಡಿಸುವವರಿಗೆ ಗೇಟು ಹಿಂದಿನದೇ. ನಲ್ಲಿಯೂ ಹಿಂದಿನದೇ.

ಕಿಟ್ಟವ್ವನ ಮಗಳ ಅದೃಷ್ಟ ಬೇರೆ ಇತ್ತು. ಗುಂಡಿಯ ಸುತ್ತ ಹೋಟೆಲು ಏಳುತ್ತಿತ್ತು. ಮೇಲೆ ಊಟದ ಒಂದು ಅಂಕಣ, ಗುಂಡಿಯ ತಳದಲ್ಲಿ ದೊಡ್ಡವರ ಊಟಕ್ಕೆಂದು ಒಂದು ಕೋಣೆ, ತಟ್ಟೆಗಳು ಇಳಿಯಲು ಅಡುಗೆಮನೆಯಿಂದ ಒಂದು ಪುಟ್ಟ ಲಿಫ್ಟು. ಅಲ್ಲಿ ಬಡಿಸುವ ಕೆಲಸ ಮಗಳಿಗೆ ಸಿಕ್ಕಿತು. ಬಿಳಿ ಅಂಗಿ, ಎದೆಯ ಮೇಲೆ ಬಿಲ್ಲೆ. ಅವರ ವಂಶದಲ್ಲಿ ಮೊದಲ ಬಿಲ್ಲೆ. ಮುಂದಿನ ಗೇಟು. ಬಿಲ್ಲೆ ಬಂದ ದಿನ ಕಿಟ್ಟವ್ವ ಅದನ್ನು ಬಟ್ಟೆಯಿಂದ ಒರೆಸಿ ಒರೆಸಿ ಇಟ್ಟಳು. "ಅವ್ವಾ, ಸವೆದುಹೋಗುತ್ತೆ ಬಿಡು," ಎಂದು ಮಗಳು ನಕ್ಕಳು. ಅಜ್ಜಿ ಜ್ವರದಲ್ಲಿ ತೀರಿಕೊಂಡಳೆಂದಷ್ಟೇ ಅವಳಿಗೆ ಗೊತ್ತು. ಬೇಕೆಂದೇ ಅಷ್ಟನ್ನೇ ಹೇಳಿದ್ದಳು ಕಿಟ್ಟವ್ವ. ಮಗಳ ಅಂಗಿಗೆ ಆ ವಾಸನೆ ಹತ್ತಬಾರದು.

ಆದರೆ ಹಳೆಯದು ಬೇರೆ ದಾರಿಯಲ್ಲಿ ಬಂದೇ ಬಂತು. ಗುಂಡಿಯ ತಳದಲ್ಲಿ ನೆಲ ಒರೆಸುತ್ತಿದ್ದಾಗ ಮೇಲೆ ಮೇಜಿನ ಗಂಟೆಯೊಂದು ಟಿಣ್ ಎಂದಿತು. ಹಿಂದೆಯೇ ಹತ್ತಾರು ಎಳೆಯ ದನಿಗಳು ಒಟ್ಟಿಗೆ ಕೂಗಿದವು: "ಇದ್ದೀವಿ!"

ಕಿಟ್ಟವ್ವನ ಕೈಯಿಂದ ಬಕೆಟ್ಟು ಬಿತ್ತು. ಯೋಚಿಸುವ ಮೊದಲೇ ಮೈ ಓಡಿತ್ತು. ಅವಳು ಏಣಿಯಿದ್ದ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದಳು. ಅಲ್ಲಿ ಏಣಿಯಿರಲಿಲ್ಲ, ಕನ್ನಡಿಯಿತ್ತು. ಗೂರಲಜ್ಜಿಯೂ ಅಲ್ಲೇ ನಿಂತಿದ್ದಳು, ಬಾಯಿ ತೆರೆದುಕೊಂಡು. ಮೇಲಿನ ಕೂಗಿನಲ್ಲಿ ಮಗಳ ದನಿ ಬೇರೆಯಾಗಿ ಕೇಳಿತ್ತು. ಸ್ಪಷ್ಟ, ಖುಷಿಯ ದನಿ.

ಹೋಟೆಲಿನ ಅಂದಚೆಂದ ನೋಡಿಕೊಳ್ಳುವವಳನ್ನು ಹೆಂಗಸರು ಕನ್ನಡಕದಮ್ಮ ಎನ್ನುತ್ತಿದ್ದರು. ಕೆಟ್ಟವಳಲ್ಲ. ನೆಲ ಒದ್ದೆಯಿದ್ದರೆ ಬಳಸಿಕೊಂಡು ಹೋಗುವವಳು. ಅವಳೇ ವಿವರಿಸಿದಳು: "ಕಾರ್ಖಾನೆಯ ಹಳಬರ ಹತ್ತಿರ ಕೇಳಿ ಇಟ್ಟ ಹೆಸರಮ್ಮ. ಅವರು ಹೀಗೆ ಕೂಗ್ತಿದ್ರಂತೆ, ಒಬ್ರಿಗೊಬ್ರು ಇದ್ದೀವಿ ಅಂತ ಧೈರ್ಯಕ್ಕೆ. ಎಷ್ಟು ಚೆನ್ನಾಗಿದೆ ಅಲ್ವಾ? ಗಿರಾಕಿ ಗಂಟೆ ಒತ್ತಿದ್ರೆ ನಾವು ಇದ್ದೀವಿ ಅಂತೀವಿ. ಈಗ ಬರೀ ತಾಲೀಮು. ಹೋಟೆಲಿಗೂ ಅದೇ ಹೆಸರು."

ಹೆಂಗಸರು ಮುಖ ಮುಖ ನೋಡಿಕೊಂಡರು. ಬಿಲ್ಲೆಯವರಿಗೆ ಆ ಕೂಗು ಕೇಳಿಸಿತ್ತು, ಕೂಗಿದವರು ಯಾರೆಂಬುದು ಮರೆತುಹೋಗಿತ್ತು. ಯಾರೂ ಬಾಯಿ ಬಿಡಲಿಲ್ಲ. ಹೊಟ್ಟೆಪಾಡು.

ಬಾಯಿ ಬಿಡಿಸಿದ್ದು ಗುಂಡು. ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಕಲ್ಲು ಕೊಯ್ಯುವವನೊಬ್ಬ ಗರಗಸದ ಯಂತ್ರ ಹೊತ್ತು ಗುಂಡಿಗಿಳಿದ. ಮೂಲೆಯ ಗುಂಡನ್ನು ಹಲಗೆಗಳಾಗಿ ಕೊಯ್ದು, ಹೊಳಪು ಕೊಟ್ಟು, ದೊಡ್ಡವರ ಊಟದ ಮೇಜಿಗೆ ಹಾಸುವುದೆಂದು ತೀರ್ಮಾನವಾಗಿತ್ತು. ಅವನು ಅಂಚಿಗೆ ನೀರು ಬಿಟ್ಟು, ಅಲಗನ್ನು ಒಮ್ಮೆ ಸೋಕಿಸಿ ನೋಡಿದ. ಕೀರಲು ಸದ್ದು. ಒಂದು ಎಳೆ ಬೂದು ಹೊಗೆ.

ವಾಸನೆ ಎದ್ದಿತು.

ಕೊಳೆತ ಮೊಟ್ಟೆ, ಗೀರಿದ ಕಡ್ಡಿ, ಒದ್ದೆ ಬೂದಿ. ಅಷ್ಟು ವರ್ಷ ಕಲ್ಲಿನೊಳಗೆ ಮುಚ್ಚಿಟ್ಟುಕೊಂಡಿದ್ದದ್ದು. ಕಿಟ್ಟವ್ವ ಕಸಬರಿಕೆ ಕೆಳಗಿಟ್ಟಳು. ಸುಸ್ತಾದ ಮಗು ನಡೆಯುವ ಹಾಗೆ ನಡೆದು ಹೋಗಿ, ಗುಂಡಿನ ಮೈಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ಹಾರೆಯ ತುದಿ ಅವಳ ಕಿವಿಯ ಪಕ್ಕದಲ್ಲಿತ್ತು.

"ಏಳಮ್ಮಾ, ಧೂಳು ಬೀಳುತ್ತೆ," ಎಂದ ಕೊಯ್ಯುವವನು.

"ಏಳಲ್ಲ."

"ಯಾಕಮ್ಮಾ?"

"ಇದನ್ನ ಕೊಯ್ಯಬಾರದು."

ಚಿಕ್ಕಮೇಸ್ತ್ರಿ ಬಂದ. ಅಂಗಿಯ ಇಸ್ತ್ರಿ ಮುರಿಯದಂತೆ ಮೆಟ್ಟಿಲ ಮೇಲೇ ನಿಂತ. "ಏನೇ ಮುದುಕಿ, ತಲೆ ಕೆಟ್ಟಿದೆಯಾ? ಬರೀ ಕಿಟ್ಟ ಅದು."

"ಬರೀ ಕಿಟ್ಟಕ್ಕೆ ಹೊಳಪು ಯಾಕೆ? ಇದರ ಮೇಲೆ ತಟ್ಟೆ ಇಟ್ಟು ಉಣ್ಣೋದ್ಯಾಕೆ?" ಕಿಟ್ಟವ್ವನ ದನಿ ಏರಲಿಲ್ಲ. "ನಿಮ್ಮಪ್ಪ ನಮ್ಮವ್ವನ್ನ ಇದರೊಳಗೆ ಹಾಕಿಸಿದ. ನೀನು ಹೋಳು ಮಾಡಿ ಬಡಿಸ್ತೀಯ. ಇಲ್ಲ. ಆಗಲ್ಲ."

"ಏನೇನೋ ಬಡಬಡಿಸಬೇಡ. ಕೆಲಸ ಬೇಡ್ವಾ?"

"ಬೇಡ."

"ನಿಂದು ಸರಿ. ಮೇಲೆ ಮಗಳಿದ್ದಾಳೆ, ನೆನಪಿರಲಿ. ಅವಳ ಬಿಲ್ಲೆ ಕಿತ್ತುಕೊಳ್ಳೋಕೆ ನನಗೆ ಎಷ್ಟು ಹೊತ್ತು?"

ಅವನು ನೋಡಿ ನೋಡಿಯೇ ಹೊಡೆದಿದ್ದ. ಕಿಟ್ಟವ್ವ ಹಾರೆಯ ತುದಿಯನ್ನು ಹಿಡಿದುಕೊಂಡಳು. ಏಳಲಿಲ್ಲ.

ಮಗಳನ್ನೇ ಕೆಳಗೆ ಕಳಿಸಿದ. ಬಿಳಿ ಅಂಗಿಯಲ್ಲಿ ಇಳಿದು ಬಂದ ಮಗಳು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವ್ವಾ, ಇದೇನಿದು? ನಾಳೆ ಉದ್ಘಾಟನೆ. ಎಲ್ಲರೂ ನನ್ನನ್ನೇ ನೋಡ್ತಿದಾರೆ."

"ನಿಮ್ಮಜ್ಜಿ ಜ್ವರದಲ್ಲಿ ಸಾಯಲಿಲ್ಲ ಮಗಾ," ಎಂದಳು ಕಿಟ್ಟವ್ವ.

ಹೇಳಿದಳು. ಹಿಂದಿನ ನಲ್ಲಿ, ಡಬ್ಬಿಯ ನೀರು, ಹಗಲಲ್ಲಿ ಕೆಂಪಾದ ಆಕಾಶ, ಗೇಣುದ್ದದ ಹಾರೆ. ಗಂಟೆಯಿಲ್ಲದವರಿಗೆ ಯಾವ ಕೂಗು ಗಂಟೆಯಾಗಿತ್ತು ಎಂಬುದನ್ನೂ ಹೇಳಿದಳು. ಬಾನಿ ಬಗ್ಗಿಸಿದವನಿಗೆ ಕೇಳಿಸಿದ ಆ ಒಂದು ಅಕ್ಷರವನ್ನು ಮಾತ್ರ ಹೇಳಲಿಲ್ಲ. ಅದು ಬಾಯಿಂದ ಹೊರಡಲಿಲ್ಲ.

ಮಗಳು ಗುಂಡನ್ನು ನೋಡಿದಳು. ಎದ್ದು, ಮೊಣಕಾಲಿನ ಧೂಳು ಕೊಡವಿ, ಮೆಟ್ಟಿಲು ಹತ್ತಿ ಹೋದಳು. ಕಿಟ್ಟವ್ವ ಅವಳ ಬೆನ್ನನ್ನೇ ನೋಡುತ್ತಿದ್ದಳು. ಹೋಗಲಿ. ಬಿಲ್ಲೆಯಾದರೂ ಉಳಿಯಲಿ ಎಂದುಕೊಂಡಳು. ಹಾಗೆಂದುಕೊಂಡಿದ್ದು ಸುಳ್ಳೆಂದು ಅವಳಿಗೇ ಗೊತ್ತಿತ್ತು.

ಮೇಲೆ ಚಿಕ್ಕಮೇಸ್ತ್ರಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಇಲ್ಲ ಸಾರ್, ಕೆಳಗೆ ಯಾರೂ ಇಲ್ಲ. ಈಗ ಶುರು ಮಾಡಿಸ್ತೀನಿ." ಆಮೇಲೆ ಅಂಚಿಗೆ ಬಂದು, ಕೊಯ್ಯುವವನಿಗೆ ಕೇಳುವಂತೆ ಕೂಗಿದ: "ಹಾಕಪ್ಪಾ, ಹಾಕು. ತಾನಾಗೇ ಸರೀತಾಳೆ. ಕೆಳಗೆ ಯಾರೂ ಇಲ್ಲ ಅಂದ್ಕೋ."

ಯಂತ್ರ ಗುಂಯ್ ಎಂದಿತು. ನೀರು ಚಿಮ್ಮಿತು. ವಾಸನೆ ಗುಂಡಿ ತುಂಬಿತು. ಕಿಟ್ಟವ್ವ ಕಣ್ಣು ಮುಚ್ಚಿದಳು. ತಲೆಬಟ್ಟೆ ಮುಖದ ಮೇಲಿತ್ತು. ಅವ್ವ ಪಕ್ಕದಲ್ಲಿದ್ದಳು. ಒಬ್ಬಳೇ ಇದ್ರೂ ಏನನ್ನಬೇಕು ಮಗಾ?

"ಇದ್ದೀವಿ!"

ಮುದುಕಿಯ ಕೂಗಲ್ಲ ಅದು. ಎಷ್ಟೋ ಕಾಲದಿಂದ ಎದೆಯೊಳಗೆ ಒತ್ತಿಟ್ಟದ್ದು. ಗೋಡೆಗೆ ಬಡಿದು ಮೇಲಕ್ಕೆ ಹೋಯಿತು. ಮೇಲೆ ಮೇಜು ಜೋಡಿಸುತ್ತಿದ್ದ ಸದ್ದು ನಿಂತಿತು. ಗೂರಲಜ್ಜಿ ಕೈಯ ಚಿಂದಿ ಎಸೆದು, ಏದುತ್ತ ಬಂದು ಕಿಟ್ಟವ್ವನ ಪಕ್ಕ ಕುಸಿದಳು. "ಇದ್ದೀವಿ ಕಣೋ, ಇದ್ದೀವಿ! ಸಾಯೋಕೆ ಪುರುಸೊತ್ತು ಸಿಗಲಿಲ್ಲ!" ಪಾಯಿಖಾನೆ ತೊಳೆಯುತ್ತಿದ್ದವರು, ಗಾಜು ಒರೆಸುತ್ತಿದ್ದವರು, ಹಳೆಯ ಗುಂಡಿಯ ಹೆಂಗಸರೆಲ್ಲ ಬಂದರು. ಬಂದವರು ಗುಂಡಿನ ಸುತ್ತ ಕೂತರು. ಕೂಗಿದರು. ಕೂಗು ನಿಂತ ಮೇಲೆ ಒಂದು ಗಳಿಗೆ ಎಲ್ಲರೂ ಉಸಿರು ಹಿಡಿದು ಕೇಳಿಸಿಕೊಂಡರು, ಹಳೆಯ ಅಭ್ಯಾಸದ ಹಾಗೆ. ಕಿಟ್ಟವ್ವನ ಬೆನ್ನಿಗೆ ಗುಂಡು ಬೆಚ್ಚಗಿತ್ತು.

ಕೊಯ್ಯುವವನು ಯಂತ್ರ ಆರಿಸಿದ. ಅಲಗನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿದ.

"ಏಯ್, ಏನ್ ಮಾಡ್ತಿದೀಯ?"

"ಜನ ಇರೋ ಕಡೆ ಅಲಗು ಹಾಕಲ್ಲ ಸಾರ್."

"ಬೇರೆಯವನನ್ನ ಕರೆಸ್ತೀನಿ!"

"ಕರೆಸಿ. ಅವನಿಗೂ ಕಿವಿ ಇರುತ್ತೆ." ಹೋಗುವಾಗ ಅವನು ಗುಂಡಿನ ಅಂಚಿಗೆ ತಾನು ಹಾಕಿದ್ದ ಗೀರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ, ಮಗುವಿನ ತರಚು ಗಾಯ ಒರೆಸುವ ಹಾಗೆ.

ಕನ್ನಡಕದಮ್ಮ ಅರ್ಧ ಮೆಟ್ಟಿಲು ಇಳಿದು ನಿಂತಿದ್ದಳು. ಆ ಪದದ ಅರ್ಥ ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು, ಮೇಲೆ ಹೋದಳು. ಚಿಕ್ಕಮೇಸ್ತ್ರಿ ಮಾತ್ರ ಹೇಳಿ ಹೋದ: "ನಾಳೆ ಪೊಲೀಸು ಬರ್ತಾರೆ. ಕೂತಿರಿ. ಎಷ್ಟು ಹೊತ್ತು ಕೂರ್ತೀರೋ ನೋಡ್ತೀನಿ. ಹಸಿವು ಎಬ್ಬಿಸುತ್ತೆ."

ಅವನು ಹೇಳಿದ್ದು ಸುಳ್ಳಲ್ಲ. ಮಧ್ಯಾಹ್ನ ದಾಟಿತು. ಹೊಟ್ಟೆಗಳು ಮಾತಾಡತೊಡಗಿದವು. ಗೂರಲಜ್ಜಿ ಇದ್ದ ಒಂದು ಡಬ್ಬಿ ನೀರನ್ನು ಎಲ್ಲರಿಗೂ ಗುಟುಕು ಗುಟುಕು ಹಂಚಿ, ಕೊನೆಯದನ್ನು ಗುಂಡಿನ ಮೇಲೆ ಸುರಿದಳು. ಮೇಲೆ ತಾಲೀಮಿನ ಗಂಟೆ ಟಿಣ್ ಎಂದಿತು. ಬಡಿಸುವವರ ಕೂಗು ಅರೆಮನಸ್ಸಿನಲ್ಲಿ ಎದ್ದಿತು. ಕಿಟ್ಟವ್ವ ಕಿವಿಗೊಟ್ಟು ಹುಡುಕಿದಳು. ಅದರಲ್ಲಿ ಮಗಳ ದನಿ ಇರಲಿಲ್ಲ.

ಆಮೇಲೆ ಪುಟ್ಟ ಲಿಫ್ಟಿನ ಗಂಟೆ ಹೊಡೆಯಿತು. ಹೆಂಗಸರೆಲ್ಲ ಥಟ್ಟನೆ ತಲೆಯೆತ್ತಿದರು. ಆ ಗುಂಡಿಯಲ್ಲಿ ಅವರಿಗಾಗಿ ಹೊಡೆದ ಮೊದಲ ಗಂಟೆ. ಲಿಫ್ಟಿನ ಬಾಗಿಲು ತಾನಾಗಿ ತೆರೆಯಿತು. ಒಳಗೆ ತಂಬಿಗೆ ತುಂಬ ನೀರು, ಹಳೆಯ ಕುಲುಮೆಯ ಪಕ್ಕದ ನಲ್ಲಿಯದು. ಊಟವಿರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಮಗಳು ಎರಡು ಕೈಯಲ್ಲೂ ತಟ್ಟೆ ಹಿಡಿದು, ಚೆಲ್ಲದಂತೆ, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಳು. ಹಿಂದೆ ಅಡುಗೆಯವನು ದೊಡ್ಡ ಪಾತ್ರೆಯೊಂದನ್ನು ಎದೆಗವಚಿಕೊಂಡು ತರುತ್ತಿದ್ದ. ಅವಳ ಬಿಳಿ ಅಂಗಿಯ ಮೇಲೆ ಬಿಲ್ಲೆ ಇರಲಿಲ್ಲ. ಪಿನ್ನು ಚುಚ್ಚಿದ್ದ ತೂತುಗಳಿದ್ದವು.

"ಕಿತ್ಕೊಂಡ್ನಾ?" ಎಂದಳು ಕಿಟ್ಟವ್ವ.

"ನಾನೇ ಕೊಟ್ಟೆ."

ಮಗಳು ತಾಯಿಯ ಮುಂದೆ ಕೂತಳು. ಗುಂಡಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅವ್ವಾ, ಬೆಳಿಗ್ಗೆ ನೀವೆಲ್ಲ ಕೂಗಿದ್ರಲ್ಲ. ಆಮೇಲೆ ಯಾರೋ ಒಬ್ರು 'ಇದ್ದೀನಿ' ಅಂದ್ರಲ್ಲ. ಯಾರವ್ವಾ ಅದು?"

ಗೂರಲಜ್ಜಿಯ ಎದೆಯ ಕೊಳಲು ಒಂದು ಕ್ಷಣ ನಿಂತಿತು.

ಕಿಟ್ಟವ್ವ ಕೈ ಚಾಚಿದಳು. ಮಗಳು ತಟ್ಟೆ ಕೊಟ್ಟಳು. ಬಿಸಿಯಿತ್ತು. ಬೆರಳ ಮೇಲೆ ಬೆರಳಿಟ್ಟು ಇಬ್ಬರೂ ಅದನ್ನು ಸ್ವಲ್ಪ ಹೊತ್ತು ಒಟ್ಟಿಗೇ ಹಿಡಿದುಕೊಂಡಿದ್ದರು.